ತಿಳವಳ್ಳಿಗೆ ಕೊಟ್ಟ ತಪ್ಪು ಚೀಟಿ

ಆರೋಗ್ಯ ಕಾರ್ಯಕರ್ತೆಯರಿಗೆ ಒಂದು ದಿನದ ಪಾಠ ಹೇಳಲು ಕಳೆದ ಕಾರ್ತಿಕದಲ್ಲಿ ಹಾನಗಲ್ಲಿಗೆ ಹೋಗಿದ್ದೆ. ಊರು ಇನ್ನೂ ಎರಡು ಮೈಲಿ ಇರುವಾಗ ಕಾರು ನಿಧಾನವಾಯಿತು. ಡಾಂಬರು ರಸ್ತೆಯ ಅರ್ಧದವರೆಗೆ ಗೋವಿನಜೋಳ ಹರವಿದ್ದರು. ಹಿಂದಿನ ದಿನ ಅಕಾಲದ ಮಳೆ ಬಿದ್ದಿರಬೇಕು. ತೊಯ್ದ ಕಾಳು ಬಿಸಿಲಿಗೆ ಕಾದು ಹುಳಿ ಬಂದ ಹಿಟ್ಟಿನಂಥ ವಾಸನೆ ಏಳುತ್ತಿತ್ತು. ಚಾಲಕ ಗಾಜು ಏರಿಸಲು ಹೋದ. ಬೇಡ ಎಂದೆ. ಹನ್ನೆರಡು ವರ್ಷಗಳ ಹಿಂದೆ, ಒಂದು ಇಡೀ ಮಳೆಗಾಲ ಈ ಸೀಮೆಯಲ್ಲಿ ಓಡಾಡಿ, ಕೊನೆಗೆ ಇದೇ ವಾಸನೆಯಲ್ಲಿ ಊರು ಬಿಟ್ಟಿದ್ದೆ.

ನನ್ನ ಕೆಲಸ ರಕ್ತದ ಆನುವಂಶಿಕ ಕಾಯಿಲೆಗಳ ಸಂಶೋಧನೆ. ಓದಿದ್ದು ಮೈಸೂರಿನಲ್ಲಿ, ದುಡಿದದ್ದು ಪ್ರಯೋಗಾಲಯದಲ್ಲಿ. ಅಲ್ಲಿಗೆ ರಕ್ತ ಬರುತ್ತಿದ್ದುದು ನೇರಳೆ ಮುಚ್ಚಳದ ಪುಟ್ಟ ಕೊಳವೆಗಳಲ್ಲಿ. ಮೇಲೆ ಹೆಸರಿನ ಬದಲು ಒಂದು ಸಂಖ್ಯೆ ಇರುತ್ತಿತ್ತು. ಆ ರಕ್ತ ಯಾರ ತೋಳಿನಿಂದ ಬಂತು ಎಂದು ಕೇಳುವ ಅಗತ್ಯ ನನಗೆ ಬಹಳ ವರ್ಷ ಬೀಳಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುವ ಥಲಸ್ಸೀಮಿಯಾ ಮಕ್ಕಳಲ್ಲಿ ಕೆಲವರು ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರು ಎಂದು ಗೊತ್ತಾದಾಗ, ಆ ನಾಲ್ಕು ತಾಲೂಕುಗಳಲ್ಲಿ ಈ ಕಾಯಿಲೆಗೆ ಕಾರಣವಾದ ದೋಷವನ್ನು ಹೊತ್ತವರು ಯಾವ ಯಾವ ಮನೆತನಗಳಲ್ಲಿದ್ದಾರೆ ಎಂದು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಸವಣೂರಿನಲ್ಲಿ ಮೈಮುನಾಬಿ ಎಂಬುವರ ಮನೆಯ ಮಾಳಿಗೆಯ ಮೇಲಿನ ಕೋಣೆ ಹಿಡಿದೆ. ಮೈಮುನಾಬಿ ಸರಕಾರಿ ನರ್ಸ್ ಆಗಿ ನಿವೃತ್ತರಾದವರು. ನಾಲ್ಕೂ ತಾಲೂಕುಗಳಲ್ಲಿ ಹೆರಿಗೆ ಮಾಡಿಸಿದವರು. ಬಾಡಿಗೆ ಮಾತಾಡಲು ಹೋದವಳನ್ನು ಕೂರಿಸಿ, ಚಹಾ ಕೊಟ್ಟು, ನಾನು ಬಂದ ಉದ್ದೇಶವನ್ನೆಲ್ಲ ಕೇಳಿಸಿಕೊಂಡು, "ನಿಮಗ ಒಬ್ಬಾಕಿಗೇ ಯಾರೂ ಕೈ ಕೊಡೂದಿಲ್ರಿ ಬಾಯಾರ. ನಾ ಬರ್ತೇನಿ" ಎಂದರು. ಆ ಕಡೆ ಡಾಕ್ಟರಿಣಿಯರನ್ನು ಬಾಯಾರು ಎನ್ನುತ್ತಾರೆ. ನಾನು ಔಷಧಿ ಕೊಡುವ ಡಾಕ್ಟರ್ ಅಲ್ಲ ಎಂದು ಮೊದಲ ವಾರವೆಲ್ಲ ಹೇಳಿ ನೋಡಿದೆ. "ಸೂಜಿ ಚುಚ್ಚತೀರಿಲ್ಲೋ? ಸಾಕ ಬಿಡ್ರಿ," ಎಂದು ಮೈಮುನಾಬಿ ಅದನ್ನು ಮುಗಿಸಿಬಿಟ್ಟರು.

ಜೂನ್ ಮೊದಲಿನ ಮಿರಗದ ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಬೆಳಿಗ್ಗೆ ಐಸ್ ತುಂಬಿದ ಪೆಟ್ಟಿಗೆ ಹಿಡಿದು ಬಸ್ಸು ಹತ್ತುತ್ತಿದ್ದೆವು. ಒಂದು ದಿನ ಗೊಟಗೋಡಿಯ ಶಾಲೆ, ಮತ್ತೊಂದು ದಿನ ಹಿರೇಕೆರೂರಿನ ಸಂತೆ. ಬಿತ್ತನೆ ಮುಗಿಯುವವರೆಗೆ ಯಾರೂ ಸಿಗುತ್ತಿರಲಿಲ್ಲ. ಸಾಲುಗಳ ನಡುವಿನ ಕಳೆಗೆ ಎಡೆ ಹೊಡೆಯುವ ದಿನಗಳಲ್ಲಿ ಮಳೆ ಬಿದ್ದರೆ ಮಾತ್ರ ಜನ ಮನೆಯಲ್ಲಿ ಇರುತ್ತಿದ್ದರು. ಹೀಗಾಗಿ ಜೋರು ಮಳೆಯ ದಿನವೇ ನಮಗೆ ಒಳ್ಳೆಯ ದಿನ. ಕಪ್ಪು ಮಣ್ಣು ಚಪ್ಪಲಿಗೆ ಮೆತ್ತಿ, ಸಂಜೆಗೆ ಒಂದೊಂದು ಕಾಲು ಒಂದೊಂದು ಸೇರು ತೂಗುತ್ತಿತ್ತು.

ಜನರಿಗೆ ವಿಷಯ ತಿಳಿಸಲು ನಾನು ಚಿತ್ರಪಟ ಒಯ್ದಿದ್ದೆ. ಅದರಲ್ಲಿ ಕೆಂಪು ಕಣ, ವರ್ಣತಂತು, ಬಾಣದ ಗುರುತು ಎಲ್ಲ ಇತ್ತು. ಎರಡನೆಯ ದಿನವೇ ಮೈಮುನಾಬಿ ಅದನ್ನು ಸುತ್ತಿ ಚೀಲದಲ್ಲಿಟ್ಟರು. ಹಿರೇಕೆರೂರಿನಲ್ಲಿ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತ ಹೆಂಗಸರಿಗೆ ಅವರು ಹೇಳಿದ್ದು ಇಷ್ಟು: "ನೋಡವಾ, ರಕ್ತಾ ಮಾಡೂ ಗಾಡಿಗೆ ಎರಡ ಎತ್ತು. ಒಂದ ಅವ್ವ ಕೊಟ್ಟದ್ದು, ಒಂದ ಅಪ್ಪ ಕೊಟ್ಟದ್ದು. ಒಂದ ಕುಂಟಿದ್ರ ಗಾಡಿ ನಡಿತೈತಿ, ಯಾರಿಗೂ ಗೊತ್ತಾಗೂದಿಲ್ಲ. ಎರಡೂ ಕುಂಟ ಆದ್ರ ನಿಂತ ಬಿಡತೈತಿ. ಅದಕ್ಕ ಲಗ್ನಕ್ಕಿಂತ ಮದಲ ಎತ್ತು ನೋಡಬೇಕು." ನಾನು ತರಗತಿಯಲ್ಲಿ ಇಂದಿಗೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ತಿಳವಳ್ಳಿಯ ಮನೆಗೆ ಹೋದದ್ದು ಆಷಾಢದಲ್ಲಿ. ಹುಬ್ಬಳ್ಳಿಗೆ ಬರುವ ಮಕ್ಕಳ ಪಟ್ಟಿಯಲ್ಲಿ ಆ ಮನೆಯ ಏಳು ವರ್ಷದ ಹುಡುಗಿ ಪವಿತ್ರಾ ಇದ್ದಳು. ಮನೆಯ ಹಿರಿಯಳು ಗಂಗವ್ವ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದವಳು. ಹಿರಿಯ ಮಗಳು ನೀಲವ್ವನನ್ನು ತನ್ನ ದೊಡ್ಡ ತಮ್ಮ ಬಸವರಾಜನಿಗೇ ಕೊಟ್ಟಿದ್ದಳು. ಅವರ ಮಗಳು ಪವಿತ್ರಾ. ಕಿರಿಯ ಮಗಳು ರೇಣುಕಾಳನ್ನು ಸಣ್ಣ ತಮ್ಮ ಶಿವಾನಂದನಿಗೆ ಕೊಡುವುದೆಂದು ಮೊದಲಿನಿಂದಲೂ ಮಾತು. ಎಲ್ಲರೂ ಒಂದೇ ಮನೆಯಲ್ಲಿದ್ದರು. ಭತ್ತ, ಗೋವಿನಜೋಳ, ನಾಲ್ಕು ಎಮ್ಮೆ.

ಪವಿತ್ರಾಳ ಕಾಯಿಲೆ ಏನೆಂದು ಆಸ್ಪತ್ರೆಯವರು ಹೇಳಿದ್ದರಿಂದ ಆ ಮನೆಯವರಿಗೆ ನಮ್ಮ ಪರೀಕ್ಷೆಯ ಅರ್ಥ ಬೇರೆಯವರಿಗಿಂತ ಬೇಗ ತಿಳಿಯಿತು. ರೇಣುಕಾ ತಾನೇ ಮುಂದೆ ಬಂದು ತೋಳು ಚಾಚಿದಳು. ಇಪ್ಪತ್ತೊಂದರ ಹುಡುಗಿ. ಉದ್ದ ಕೈ, ಬಿಳಿಚಿದ ಉಗುರು. "ನಂದೂ ನಮ್ಮ ಮಾಮಾಂದೂ ಮದಲ ನೋಡ್ರಿ. ಲಗ್ನಾ ಕಾರ್ತೀಕದಾಗ ಐತಿ," ಎಂದಳು. ಶಿವಾನಂದ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಸೂಜಿ ಚುಚ್ಚುವಾಗ ಮುಖ ತಿರುಗಿಸಿಕೊಂಡ. ಅದನ್ನು ನೋಡಿ ರೇಣುಕಾ ನಕ್ಕಳು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಗಂಗವ್ವ, ನೀಲವ್ವ, ಬಸವರಾಜ, ಶಿವಾನಂದ, ನಾಲ್ವರೂ ದೋಷದ ಒಂದು ಪ್ರತಿಯನ್ನು ಹೊತ್ತವರು. ದೋಷ ಹೊತ್ತವರಲ್ಲಿ ಏರುವ ರಕ್ತದ ಒಂದು ಅಂಶವನ್ನು ನಾವು ಅಳೆಯುತ್ತಿದ್ದೆವು; ರೇಣುಕಾಳ ಅಂಕಿ ಮಾತ್ರ ದೋಷದ ಗೆರೆಯಿಂದ ಕೂದಲೆಳೆಯಷ್ಟು ಕೆಳಗಿತ್ತು. ಅವಳಿಗೆ ರಕ್ತಹೀನತೆ ಇತ್ತು, ಕಬ್ಬಿಣದ ಕೊರತೆ. ಅದು ಆ ಸೀಮೆಯ ಹೆಣ್ಣುಮಕ್ಕಳಲ್ಲಿ ಎಲ್ಲೆಡೆ ಕಾಣುತ್ತಿದ್ದ ಸಂಗತಿ. ನಾನು 'ಸಾಮಾನ್ಯ' ಎಂದು ಬರೆದು, ಸಹಿ ಹಾಕಿ ಚೀಟಿ ಕೊಟ್ಟೆ. ಗಂಗವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಶಿವಾನಂದ ದೋಷ ಹೊತ್ತಿದ್ದರೂ ರೇಣುಕಾ ಹೊತ್ತಿಲ್ಲವಾದ್ದರಿಂದ ಅವರ ಮಕ್ಕಳಿಗೆ ಪವಿತ್ರಾಳ ಕಾಯಿಲೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಬಸವರಾಜ ನಮ್ಮಿಬ್ಬರಿಗೂ ಒಂದೊಂದು ಸೇರು ತುಪ್ಪ ಕೊಟ್ಟು ಕಳಿಸಿದ.

ಶ್ರಾವಣದ ಮಧ್ಯದಲ್ಲಿ ಮೂರು ದಿನ ಹಿಡಿದ ಮಳೆ ಬಿಡಲಿಲ್ಲ. ಸವಣೂರಿನ ಕೋಣೆಯಲ್ಲಿ ಕುಳಿತು ಅದುವರೆಗಿನ ಕುಟುಂಬಗಳ ವಂಶವೃಕ್ಷಗಳನ್ನು ದೊಡ್ಡ ಹಾಳೆಯ ಮೇಲೆ ಬರೆಯತೊಡಗಿದೆ. ತಿಳವಳ್ಳಿಯ ಮನೆಯ ಹಾಳೆಯಲ್ಲಿ ರೇಣುಕಾಳ ಅಂಕಿಗಳನ್ನು ಇಳಿಸಿಕೊಳ್ಳುವಾಗ ಪೆನ್ನು ನಿಂತಿತು. ಅವಳ ರಕ್ತಕಣಗಳು ತೀರ ಚಿಕ್ಕವು. ಕಬ್ಬಿಣ ಕಡಿಮೆಯಾದವರಿಗೂ ಹಾಗೇ ಇರುತ್ತದೆ. ಆದರೆ ಅವರಲ್ಲಿ ಕಣಗಳ ಎಣಿಕೆಯೂ ಕಡಿಮೆ ಇರಬೇಕು. ರೇಣುಕಾಳದು ಹೆಚ್ಚಿತ್ತು. ಚಿಕ್ಕ ಕಣ, ಹೆಚ್ಚು ಎಣಿಕೆ, ಇದು ದೋಷ ಹೊತ್ತವರ ಲಕ್ಷಣ. ಕಬ್ಬಿಣದ ಕೊರತೆ ಇದ್ದಾಗ ನಾವು ಅಳೆಯುವ ಅಂಕಿ ತಗ್ಗಿ, ದೋಷವನ್ನು ಮರೆಮಾಡಬಲ್ಲದು. ಇದನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತಿದ್ದೆ. ಎಣಿಕೆಯ ಕಲಂ ಅದೇ ಹಾಳೆಯಲ್ಲೇ ಇತ್ತು. ನಾನು ನೋಡಿರಲಿಲ್ಲ.

ಪ್ರಯೋಗಾಲಯಕ್ಕೆ ಫೋನು ಮಾಡಿ, ಉಳಿದಿದ್ದ ರಕ್ತದಲ್ಲಿ ನೇರವಾಗಿ ಜೀನನ್ನೇ ಓದಲು ಹೇಳಿದೆ. ಹತ್ತು ದಿನ ಬೇಕು ಎಂದರು. ಕೆಳಗಿಳಿದು ಮೈಮುನಾಬಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು.

"ಹತ್ತು ದಿನ ಕಾದು, ಖಚಿತ ಮಾಡಿಕೊಂಡೇ ಹೋಗೋಣ," ಎಂದೆ. "ಸುಮ್ಮನೆ ಹೆದರಿಸಿದ ಹಾಗಾಗಬಾರದು."

"ಅಲ್ಲಿ ಅವರು ಇವತ್ತ ಜವಳಿ ತರಾಕ ಹೋಗಿರಬೇಕು," ಎಂದರು ಮೈಮುನಾಬಿ, ತಲೆ ಎತ್ತದೆ. "ಹತ್ತು ದಿನದಾಗ ಲಗ್ನಪತ್ರಿಕೆ ಹಂಚತಾರ. ಆಮ್ಯಾಲೆ ನೀವು ಹೋಗಿ ಹೇಳಿದ್ರ ಯಾರ ಕೇಳ್ತಾರ್ರಿ? ನಿಮಗ ತಪ್ಪು ಕಂಡೈತಿ. ಕಂಡಷ್ಟ ಹೇಳ್ರಿ. ಖರೇ ಸುಳ್ಳು ಹತ್ತು ದಿನಕ್ಕ ತಿಳೀಲಿ."

ಮರುದಿನ ಮಳೆಯಲ್ಲೇ ಹೊರಟೆವು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ತಿಳವಳ್ಳಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಇಂಥ ವಿಷಯವನ್ನು ಮೊದಲು ಆಯಾ ವ್ಯಕ್ತಿಗೆ ಮಾತ್ರ ಹೇಳಬೇಕೆಂಬುದು ನಿಯಮ. ರೇಣುಕಾಳನ್ನು ಹಿತ್ತಲಿಗೆ ಕರೆದು, ನಾನು ಕೊಟ್ಟ ಚೀಟಿ ತಪ್ಪಿರಬಹುದು ಎಂದೆ. ಯಾಕೆಂದೂ ಹೇಳಿದೆ. ಅವಳು ಕೈಯಲ್ಲಿದ್ದ ಕೊಡವನ್ನು ಕಟ್ಟೆಯ ಮೇಲಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ಇರಬಹುದು ಅಂದ್ರ ಎಷ್ಟ ಇರಬಹುದ್ರಿ?"

"ಬಹುಮಟ್ಟಿಗೆ."

"ನನಗ ಒಬ್ಬಾಕಿಗೇ ಹೇಳಿದ್ರ ಏನಾತ್ರಿ? ನಾ ಹೋಗಿ ಹೇಳಿದ್ರ ಲಗ್ನಾ ಒಲ್ಲೆ ಅನ್ನಾಕ ನೆವಾ ಮಾಡ್ತಾಳ ಅಂತಾರ. ಬರ್ರಿ, ಎಲ್ಲಾರ ಮುಂದ ನೀವ ಹೇಳ್ರಿ."

ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಹೇಳಿದೆ. ತಪ್ಪು ಯಂತ್ರದ್ದಲ್ಲ, ನನ್ನದು ಎಂದೂ ಹೇಳಿದೆ. ಮೈಮುನಾಬಿಯ ಕುಂಟ ಎತ್ತುಗಳ ಮಾತನ್ನೇ ಹಿಡಿದು, ಇಬ್ಬರೂ ದೋಷ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಪವಿತ್ರಾಳ ಕಾಯಿಲೆಯೇ ಬರುವ ಸಂಭವವಿದೆ ಎಂದು ವಿವರಿಸಿದೆ.

ಬಸವರಾಜ ಎದ್ದು ನಿಂತ. "ನಿಮ್ಮ ಚೀಟಿ ನಂಬಿ ನಾವು ಊರಿಗೆಲ್ಲಾ ಹೇಳೇವಿ. ಆಕಿ ರಕ್ತಾ ಚಲೋ ಐತಿ ಅಂತ ಹೇಳೇವಿ. ಈಗ ಬಂದು ತಪ್ಪ ಆಗೈತಿ ಅಂತೀರಿ. ನಾಳೆ ಬಂದು ಇದೂ ತಪ್ಪ ಆಗೈತಿ ಅಂತೀರೇನು?"

ಜೀನನ್ನೇ ಓದಿಸುತ್ತಿದ್ದೇನೆ, ಹತ್ತು ದಿನಕ್ಕೆ ಖಚಿತವಾಗುತ್ತದೆ ಎಂದೆ.

"ಬಸಿರಾದ ಮ್ಯಾಲೆ ನೋಡಾಕ ಬರತೈತಂತಲ್ರಿ?" ಎಂದು ಗಂಗವ್ವ ಕೇಳಿದಳು. ಬರುತ್ತದೆ, ಮೂರನೆಯ ತಿಂಗಳ ಹೊತ್ತಿಗೆ ಪರೀಕ್ಷೆ ಮಾಡಬಹುದು, ಕಾಯಿಲೆ ಇದ್ದರೆ ಇರಿಸಿಕೊಳ್ಳಬೇಕೋ ಬೇಡವೋ ಎಂದು ಆಗ ನಿರ್ಧರಿಸಬಹುದು ಎಂದೆ. ಹಾಗೆ ಮಾಡಿ ಸುಖವಾಗಿರುವ ದಂಪತಿಗಳಿದ್ದಾರೆ ಎಂದೂ ಸೇರಿಸಿದೆ. ಅದು ನಿಜವೇ.

"ನಿರ್ಧಾರ ಮಾಡಾಕಿ ನಾನಲ್ರಿ?" ಎಂದಳು ರೇಣುಕಾ. "ಹೊರಾಕಿ ನಾನು, ತಗಸಾಕಿ ನಾನು. ಅಕ್ಕಗ ಎಮ್ಮಿ ಹೊಲಾ ಬಿಟ್ಟು ಬರಾಕ ಆಗೂದಿಲ್ಲ ಅಂತ ಮೂರ ವಾರಕ್ಕೊಮ್ಮೆ ಪವಿತ್ರಾನ ಹುಬ್ಬಳ್ಳಿಗೆ ಕರಕೊಂಡ ಹೋಗಾಕಿ ನಾನು. ನರಾ ಸಿಗದ ನಾಕ ನಾಕ ಸಲಾ ಚುಚ್ಚೂದನ್ನ ನೋಡಾಕಿ ನಾನು. ನಾಕರಾಗ ಒಂದು ಅಂತ ಲೆಕ್ಕಾ ನನಗ ಹೇಳಬ್ಯಾಡ್ರಿ. ಇನ್ನೊಂದು ಅಂಥಾ ಕೂಸು ನನ್ನ ಕೈಲೆ ಆಗೂದಿಲ್ಲ."

ನೀಲವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಶಿವಾನಂದ ಅಷ್ಟು ಹೊತ್ತೂ ನೆಲ ನೋಡುತ್ತಿದ್ದ. ಎಲ್ಲರೂ ಅವನ ಕಡೆ ತಿರುಗಿದಾಗ, "ಆಕಿ ಏನಂತಾಳ ಅದರಿ. ನಂದೇನಿಲ್ಲ," ಎಂದ.

ವಾಪಸು ಬರುವ ಬಸ್ಸಿನಲ್ಲಿ ಮೈಮುನಾಬಿ ನನ್ನ ಪಕ್ಕ ಕುಳಿತಿದ್ದರು. ಹಾನಗಲ್ಲು ದಾಟಿದ ಮೇಲೆ, "ಕೂಸು ಅಲ್ಲೇ ಕಂಬದ ಹಿಂದ ಕುಂತಿತ್ತಲ್ರಿ," ಎಂದರು.

"ಯಾವ ಕೂಸು?"

"ಪವಿತ್ರಾ. ಈ ಕೂಸಿನ ಜಡ್ಡ ಬರತೈತಿ ಅಂತ ನೀವು ಅಂದ್ರಿ, ಅಂಥಾ ಕೂಸು ಆಗೂದಿಲ್ಲ ಅಂತ ಆಕಿ ಅಂದ್ಲು. ನಾನೂ ಬಾಯಿ ಮುಚ್ಚಕೊಂಡ ಕುಂತಿದ್ದೆ. ಎಲ್ಲಾ ಕೇಳಿಸ್ಕೊಂತು."

ಆ ಪಡಸಾಲೆಯಲ್ಲಿ ಯಾರು ಎಲ್ಲಿ ಕುಳಿತಿದ್ದರು ಎಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಮಗು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ನನ್ನ ವಂಶವೃಕ್ಷದ ಹಾಳೆಯಲ್ಲಿ ಅವಳು ಒಂದು ಕಪ್ಪು ವೃತ್ತವಾಗಿದ್ದಳು. ಕಾಯಿಲೆ ಇರುವವರನ್ನು ನಾವು ಹಾಗೆ ತುಂಬುತ್ತೇವೆ.

ಹತ್ತನೆಯ ದಿನ ಫಲಿತಾಂಶ ಬಂತು. ರೇಣುಕಾಳಲ್ಲಿ ಅಕ್ಕನಲ್ಲಿದ್ದ ದೋಷವೇ ಇತ್ತು. ಫೋನಿನಲ್ಲಿ ಹೇಳಿದಾಗ ಅವಳು, "ಹೂಂ. ಹಂಗಾರ ಮುಗೀತ್ರಿ," ಎಂದಳು. ಜವಳಿ ಮರಳಿಸಲಿಲ್ಲವಂತೆ, ನೀಲವ್ವನ ಪೆಟ್ಟಿಗೆಯಲ್ಲಿಟ್ಟರಂತೆ. ಶಿವಾನಂದ ಆ ವಾರವೇ ಹಿರೇಕೆರೂರಿಗೆ ಹೋಗಿ ಗೋವಿನಜೋಳದ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕೆ ನಿಂತ. ಒಂದೇ ಸೂರಿನ ಕೆಳಗೆ ಇಬ್ಬರೂ ಇರುವುದು ಸರಿಯಲ್ಲ ಎಂದು ಅವನೇ ಹೇಳಿದನಂತೆ. ಆ ಮನೆಯಲ್ಲಿ ಅವನು ತಾನಾಗಿ ಹೇಳಿದ ಮಾತು ಅದೊಂದೇ ಎಂದು ಗಂಗವ್ವ ಆಮೇಲೆ ಅಂದಳು. ಮುಂದಿನ ಬೇಸಿಗೆಯಲ್ಲಿ ಅವನಿಗೆ ಬಂಕಾಪುರ ಕಡೆಯ ಹುಡುಗಿಯೊಂದಿಗೆ ಮದುವೆಯಾಯಿತು. ಹುಡುಗಿಯ ರಕ್ತವನ್ನು ನಾನೇ ಪರೀಕ್ಷಿಸಿದೆ, ಮತ್ತೆ ಮತ್ತೆ. ರೇಣುಕಾಳ ಮದುವೆ ಎರಡು ವರ್ಷ ತಡೆದು ಆಯಿತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಬ್ಬರು ಮಕ್ಕಳು, ಒಬ್ಬನು ತಾಯಿಯಂತೆ ದೋಷ ಹೊತ್ತವನು, ಆರೋಗ್ಯವಾಗಿದ್ದಾನೆ. ಬಸವರಾಜ ನನ್ನೊಡನೆ ಮತ್ತೆಂದೂ ಮಾತಾಡಲಿಲ್ಲ. ನಾನು ಬರೆದ ಸಂಶೋಧನಾ ಪ್ರಬಂಧದಲ್ಲಿ ಈ ತಪ್ಪನ್ನು ಒಂದು ಪ್ಯಾರಾದಲ್ಲಿ ಸೇರಿಸಿದ್ದೆ. ಹಿರಿಯರೊಬ್ಬರು ಅದು ಬೇಡ, ಓದುವವರಿಗೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ ಎಂದರು. ಬರಲಿ ಎಂದು ಬಿಟ್ಟೆ. ರಕ್ತಹೀನತೆ ಇರುವವರಿಗೆ ಒಂದೇ ಪರೀಕ್ಷೆಯ ಮೇಲೆ 'ಸಾಮಾನ್ಯ' ಎಂದು ಬರೆದುಕೊಡುವುದನ್ನು ನಮ್ಮಲ್ಲಿ ಅಂದಿನಿಂದ ನಿಲ್ಲಿಸಿದ್ದೇವೆ.

ಇವೆಲ್ಲ ಆಮೇಲಿನ ಮಾತು. ಆ ವರ್ಷ, ದಸರೆ ಮುಗಿದು ಮಳೆ ಹಿಂದೆ ಸರಿದ ಮೇಲೆ, ಊರು ಬಿಡುವ ಮುಂಚೆ ನಾನು ಇನ್ನೊಂದು ಸಲ ತಿಳವಳ್ಳಿಗೆ ಹೋದೆ. ಪವಿತ್ರಾಳೊಡನೆ ಏನಾದರೂ ಮಾತಾಡಬೇಕು ಎಂದುಕೊಂಡಿದ್ದೆ. ಏನು ಮಾತಾಡಬೇಕು ಎಂದು ಗೊತ್ತಿರಲಿಲ್ಲ. "ನಾಳೆ ಹುಬ್ಬಳ್ಳಿಗೆ ಹೊಂಟೇವಿ. ಬರ್ತೀರೇನ್ರಿ?" ಎಂದು ರೇಣುಕಾಳೇ ಕೇಳಿದಳು. ಆಗ ನನಗೆ ಹೊಳೆಯಿತು: ಇಷ್ಟು ವರ್ಷ ರಕ್ತದ ಕೆಲಸ ಮಾಡಿ, ಒಂದು ಮಗುವಿಗೆ ರಕ್ತ ಏರಿಸುವಾಗ ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲಿ ಕುಳಿತಿರಲಿಲ್ಲ.

ಬೆಳಗಿನ ಬಸ್ಸಿಗೆ ಹೋದೆವು. ಪವಿತ್ರಾ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಊರುಗಳ ಹೆಸರು ಹೇಳಿದಳು. ಫಲಕ ಬರುವ ಮೊದಲೇ ಹೇಳುತ್ತಿದ್ದಳು. ಮೂರು ವಾರದ ಕೊನೆಯಾದ್ದರಿಂದ ಮುಖ ಸುಣ್ಣದಂತಿತ್ತು, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ನಿಂತು ಉಸಿರು ತೆಗೆದುಕೊಂಡಳು. ವಾರ್ಡಿನಲ್ಲಿ ಅವಳದೇ ಮಂಚವಿತ್ತು, ಗೋಡೆ ಪಕ್ಕದ್ದು. ಯಾವ ಕೈ ಎಂದು ನರ್ಸ್ ಕೇಳುವ ಮೊದಲೇ ಎಡಗೈ ಕೊಟ್ಟಳು. ನರ ಮೂರನೆಯ ಸಲಕ್ಕೆ ಸಿಕ್ಕಿತು. ಅವಳು ಅಳಲಿಲ್ಲ. ರೇಣುಕಾಳ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು, ಅಷ್ಟೇ.

ಹನಿ ಇಳಿಯತೊಡಗಿತು. ಮಾಡುವಂಥದ್ದು ಏನೂ ಇರಲಿಲ್ಲ. ಚೀಲ ನೋಡುತ್ತ ಕುಳಿತೆ.

"ಇದು ಯಾರದ್ದ ರಕ್ತಾ ರೀ, ಬಾಯಾರ?" ಎಂದಳು ಪವಿತ್ರಾ.

"ಗೊತ್ತಿಲ್ಲ. ಯಾರೋ ಕೊಟ್ಟಿದ್ದು."

"ಅವರಿಗೆ ಗೊತ್ತೇನ್ರಿ, ನನಗ ಬಂತಂತ?"

"ಇಲ್ಲ. ಅವರಿಗೂ ಗೊತ್ತಾಗೋದಿಲ್ಲ."

ಆ ದಿನ ಪಡಸಾಲೆಯ ಮಾತಿನ ಬಗ್ಗೆ ಹೇಳಲು ಇದೇ ಸಮಯ ಎನ್ನಿಸಿತು. "ಪವಿತ್ರಾ, ಅವತ್ತು ನಾನು ಮನೆಗೆ ಬಂದಾಗ ನಿನ್ನ ಮುಂದೆ ಹಾಗೆಲ್ಲ ಮಾತಾಡಬಾರದಿತ್ತು," ಎಂದೆ.

"ಎರಡೂ ಎತ್ತು ಕುಂಟ ಅಂತ ಅಂದದ್ದೇನ್ರಿ?"

"ಅದಲ್ಲ, ಬೇರೆ."

"ಚಿಗವ್ವ ಹೇಳ್ಯಾಳ್ರಿ," ಎಂದು ರೇಣುಕಾಳ ಕಡೆ ನೋಡಿದಳು. "ಇನ್ನೊಂದ ಕೂಸು ಬಂದ್ರ ಹುಬ್ಬಳ್ಳಿಗೆ ನನ್ನ ಯಾರ ಕರಕೊಂಡ ಬರಬೇಕು, ಅದಕ್ಕ ಬ್ಯಾಡ ಅಂದೆ ಅಂತ."

ರೇಣುಕಾ ಮುಖ ಆಚೆ ತಿರುಗಿಸಿ ನಳದ ಕಡೆ ನೀರು ತರಲು ಹೋದಳು.

ಮಧ್ಯಾಹ್ನದ ಹೊತ್ತಿಗೆ ಎದುರು ಮಂಚಕ್ಕೆ ಒಬ್ಬ ಹೆಂಗಸು ಹತ್ತು ತಿಂಗಳ ಗಂಡುಮಗುವನ್ನು ಕರೆತಂದಳು. ಮೊದಲ ಸಲ. ಕಾಯಿಲೆಯ ಹೆಸರನ್ನು ಹಿಂದಿನ ವಾರವಷ್ಟೇ ಕೇಳಿದವಳು. ಮಗು ಕಿರುಚುತ್ತಿತ್ತು. ಚುಚ್ಚುವುದು ಮುಗಿದ ಮೇಲೆ ಅವಳು ನನ್ನ ಹತ್ತಿರ ಬಂದಳು. ಯಾರೋ ನನ್ನನ್ನು ಡಾಕ್ಟರ್ ಎಂದಿರಬೇಕು.

"ಬಾಯಾರ, ಖರೇ ಹೇಳ್ರಿ. ಇಂಥಾ ಮಕ್ಕಳು ಉಳೀತಾವೇನ್ರಿ?"

ನಾನು ಕನ್ನಡಕ ತೆಗೆದೆ. ಸರಿಯಾಗಿ ರಕ್ತ ಸಿಕ್ಕರೆ, ಮೈಯಲ್ಲಿ ಕೂಡಿಕೊಳ್ಳುವ ಕಬ್ಬಿಣಕ್ಕೆ ಗುಳಿಗೆ ತಪ್ಪದೆ ನುಂಗಿಸಿದರೆ, ಎಂದು ಶುರು ಮಾಡಿ, ಯಾವ ಮಾತನ್ನು ಮೊದಲು ಇಡಬೇಕೆಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಗೋಡೆ ಪಕ್ಕದ ಮಂಚದಿಂದ ಪವಿತ್ರಾ ಎದ್ದು ಕುಳಿತಳು. ಒಳಗೆ ಹೋದ ರಕ್ತಕ್ಕೆ ಅವಳ ತುಟಿಗಳಿಗೆ ಆಗಲೇ ಬಣ್ಣ ಬಂದಿತ್ತು. ಆ ಹೆಂಗಸನ್ನು, ಇಷ್ಟು ಸಣ್ಣ ಮಾತಿಗೆ ದೊಡ್ಡವರು ಯಾಕೆ ತಡವರಿಸುತ್ತಾರೆ ಎಂಬಂತೆ ನೋಡಿ ಹೇಳಿದಳು:

"ನಾ ಇದ್ದೇನಲ್ರಿ."